ಗೌರಿ ಹಬ್ಬದ ಎರಡನೆಯ ಸೀರೆ

ಹಿರೋಡೆ,
ಶನಿವಾರ, 3 ಜುಲೈ 1937

ಚಿರಂಜೀವಿ ತಮ್ಮ ಚಿಕ್ಕಸಿದ್ದಯ್ಯನಿಗೆ,

ನಿನ್ನ ಅಕ್ಕ ಪಾರ್ವತಮ್ಮನ ಆಶೀರ್ವಾದ. ಕೋಪದಲ್ಲಿ ಕೂತು ಬರೆಯುತ್ತಿದ್ದರೂ ಆ ಪದವನ್ನು ಬಿಟ್ಟು ಮುಂದಕ್ಕೆ ಹೋಗಲು ಕೈ ಬರಲಿಲ್ಲ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಅದನ್ನು ಮಾತ್ರ ಬರೆಯುವುದಿಲ್ಲ, ಏಕೆಂದರೆ ಅದು ಸುಳ್ಳು. ಕಾಗದದಲ್ಲಿ ಸುಳ್ಳು ಬರೆಯುವ ಕೆಲಸವನ್ನು ನಮ್ಮ ಮನೆತನದಲ್ಲಿ ನೀನೊಬ್ಬ ಮಾಡಿದ್ದೇ ಸಾಕು.

ಇದನ್ನು ತಂದಿರುವ ನಿನ್ನ ಭಾವನವರನ್ನು ಮೊದಲು ಒಳಗೆ ಕೂರಿಸಿ ನೀರು ಕೊಡು. ನಾಳೆ ಭಾನುವಾರ, ನೀನು ರೂಮಿನಲ್ಲೇ ಇರುತ್ತೀಯೆಂದು ಗೊತ್ತಿದ್ದೇ ಅವರನ್ನು ಕಳಿಸಿದ್ದೇನೆ. ಅವರ ಹಿಂದೆ ಟ್ರಂಕು ಹಿಡಿದು ನಿಂತಿರುವ ನನ್ನ ಮಗಳು ಸರಸಳನ್ನು ಕಂಡು ಗಾಬರಿಯಾಗಬೇಡ. ನಿನ್ನ ಮನೆ ತುಂಬಲು ಬಂದವಳಲ್ಲ ಅವಳು. ಮೈಸೂರಿನಲ್ಲಿ ಫ್ರೆಂಚ್ ಓದಲು ಬಂದಿದ್ದಾಳೆ. ಹೌದು, ಮೈಸೂರಿನಲ್ಲೇ. ಅಂಥದೊಂದು ತರಗತಿಯೇ ಇಲ್ಲವೆಂದು ನೀನು ಬರೆದೆಯಲ್ಲ, ಅದೇ ಊರಿನಲ್ಲಿ.

ಸರಸ ಹೈಸ್ಕೂಲು ಪರೀಕ್ಷೆ ಪಾಸಾದಾಗ ನಾನು ನಿನ್ನನ್ನು ಕೇಳಿದ್ದು ಒಂದೇ ಉಪಕಾರ. ಫ್ರೆಂಚ್ ಭಾಷೆಯನ್ನು ಎಲ್ಲಿ ಕಲಿಸುತ್ತಾರೆ, ಬೆಲ್ಲದ ಮಂಡಿಯವನ ಕೈಗೆ ಎಟುಕುವ ಖರ್ಚಿನಲ್ಲಿ ಎಲ್ಲಿ ಕಲಿಸುತ್ತಾರೆ, ವಿಚಾರಿಸಿ ತಿಳಿಸು ಎಂದೆ. ನಮ್ಮ ಬಳಗದಲ್ಲಿ ಕಾಲೇಜಿನ ಗೇಟು ದಾಟಿದವನು ನೀನೊಬ್ಬ. ನೀನು ಬರೆದೆ: ಬೆಂಗಳೂರಿನಲ್ಲಿ ಇದೆ, ಆದರೆ ಹಾಸ್ಟೆಲ್ಲಿನ ಖರ್ಚಿಗೆ ಭಾವನವರು ಮಂಡಿಯನ್ನೇ ಮಾರಬೇಕು. ಮದರಾಸಿನಲ್ಲಿ ಇದೆ, ಆದರೆ ಹೆಣ್ಣುಮಗಳನ್ನು ಅಷ್ಟು ದೂರ ಒಬ್ಬಳನ್ನೇ ಹೇಗೆ ಬಿಡುತ್ತೀಯ? ಪಾಂಡಿಚೇರಿಯಲ್ಲಿ ಅಗ್ಗವೆಂದು ಕೇಳಿದ್ದೇನೆ, ಆದರೆ ಅದು ಪರರ ಸೀಮೆ. ಇನ್ನು ಮೈಸೂರಿನಲ್ಲಿ ನಾನು ಅಲೆಯದ ಬೀದಿಯಿಲ್ಲ, ಎಲ್ಲೂ ಇಲ್ಲ. ಇಷ್ಟು ಸಾಲದೆಂದು ಕೊನೆಯಲ್ಲಿ ನನಗೊಂದು ಬುದ್ಧಿಮಾತು ಬೇರೆ: ಈ ಹುಚ್ಚು ಬಿಡಿಸಿ ಅವಳಿಗೆ ಹೊಲಿಗೆ ಕಲಿಸಕ್ಕ, ಮುಂದಕ್ಕೆ ಉಪಯೋಗವಾಗುತ್ತದೆ.

ಸರಸ ಆ ಕಾಗದ ಓದಿ ಮಡಚಿಟ್ಟು, “ಪಾಪ, ಮಾವ ಎಷ್ಟ್ ಅಲ್ದಾಡವ್ರೆ ನೋಡವ್ವ” ಎಂದಳು. ಅವಳು ನಿನ್ನ ಮೇಲೆ ಕನಿಕರಪಟ್ಟಳು ಕಣೋ!

ಹುಚ್ಚು ಎಂದೆಯಲ್ಲ. ನಮ್ಮೂರಿನ ಸ್ಟೇಷನ್ನಿನ ಬೋರ್ಡಿನ ಮೇಲೆ ಫ್ರೆಂಚ್ ರಾಕ್ಸ್ ಎಂದು ಬರೆದಿದೆ. ಟಿಪ್ಪುವಿನ ಕಾಲದಲ್ಲಿ ಆ ದೇಶದ ಸಿಪಾಯಿಗಳು ಇಲ್ಲಿ ಗುಡ್ಡದ ಕೆಳಗೆ ಬೀಡುಬಿಟ್ಟಿದ್ದರಂತೆ. ಅವರ ಹೆಸರು ಹೊತ್ತ ಊರಿನಲ್ಲಿ ಅವರ ಭಾಷೆ ಕಲಿಯುತ್ತೇನೆಂದರೆ ಮಾತ್ರ ಎಲ್ಲರಿಗೂ ನಗು. ಇವಳೇನು ಹೊಳೆಯಾಚೆ ಹೋಗಿ ದೊರೆಸಾನಿಯಾಗುತ್ತಾಳೇನು ಎಂದು ಮಂಡಿಗೆ ಬಂದವರೆಲ್ಲ ಕೇಳಿ ಹೋದರು. ಬೇರೆಯವರು ನಗಲಿ. ನಿನಗೆ ಕಾರಣ ಗೊತ್ತಿತ್ತು.

ಶ್ರೀರಂಗಪಟ್ಟಣದ ಆಚೆ ಸನ್ಯಾಸಿನಿಯರ ಧರ್ಮಾಸ್ಪತ್ರೆಗೆ ಇವಳನ್ನು ಚಿಕ್ಕಂದಿನಲ್ಲಿ ಕಣ್ಣುಬೇನೆಗೆ ಕರೆದುಕೊಂಡು ಹೋಗುತ್ತಿದ್ದೆವು. ನೀನೂ ಎಷ್ಟೋ ಸಲ ಜೊತೆಗೆ ಬಂದಿದ್ದೆ. ಔಷಧಿ ಹಾಕಿಸಿಕೊಂಡು ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತವಳಿಗೆ ಅಲ್ಲಿನ ಮುದುಕಿ ಸನ್ಯಾಸಿನಿ ಹೊತ್ತು ಹೋಗಲೆಂದು ತನ್ನ ಭಾಷೆಯ ಮಾತು ಹೇಳಿಕೊಡುತ್ತಿದ್ದಳು. ಕಣ್ಣು ವಾಸಿಯಾಯಿತು, ಮಾತು ಉಳಿಯಿತು. ಹೋದ ವರ್ಷ ಕ್ಯಾತನಹಳ್ಳಿಯ ಮಾರಮ್ಮ ಹೆರಿಗೆ ಕಷ್ಟವಾಗಿ ಗಾಡಿಯಲ್ಲಿ ಆ ಆಸ್ಪತ್ರೆಗೆ ಬಂದಳು. ಮುದುಕಿ ಹಾಸಿಗೆ ಹಿಡಿದಿದ್ದಳು. ಹೊಸದಾಗಿ ಹಡಗಿಳಿದು ಬಂದ ಡಾಕ್ಟರಮ್ಮನಿಗೆ ಕನ್ನಡವಿರಲಿ, ಇಂಗ್ಲಿಷೂ ನೆಟ್ಟಗೆ ಬಾರದು. ನೋವು ಎಲ್ಲಿ, ನೀರು ಯಾವಾಗ ಹೋಯಿತು, ಕೂಸು ಒದೆಯುತ್ತಿದೆಯೋ ಇಲ್ಲವೋ ಎಂದು ತನ್ನ ಭಾಷೆಯಲ್ಲಿ ಕೇಳುತ್ತಾಳೆ. ಮಾರಮ್ಮ ಬರೀ ಕೈ ಮುಗಿಯುತ್ತಾಳೆ. ಮುದುಕಿಯನ್ನು ನೋಡಲು ಹೋಗಿದ್ದ ಸರಸ ಮಂಚದ ಪಕ್ಕ ನಿಂತು ತನಗೆ ಬಂದಷ್ಟು ಮುರುಕು ಫ್ರೆಂಚಿನಲ್ಲಿ ಹೇಳಿದಳು. ತಾಯಿ ಉಳಿದಳು, ಕೂಸೂ ಉಳಿಯಿತು. ಎರಡು ವರ್ಷ ಕ್ರಮವಾಗಿ ಓದಿ ಸರ್ಟಿಫಿಕೇಟು ತಾ, ನಿನಗೆ ಇಲ್ಲೇ ಕೆಲಸವಿದೆ ಎಂದು ಆ ಡಾಕ್ಟರಮ್ಮ ಮಾತು ಕೊಟ್ಟಳು. ಇಷ್ಟನ್ನೂ ನಿನಗೆ ನಾನೇ ಹೇಳಿದ್ದೆ. ನೀನು ತಲೆಯಾಡಿಸಿ ಕೇಳಿದ್ದೆ.

ಈಗ ಮೊನ್ನೆ ಗುರುವಾರದ ಕಥೆ ಕೇಳು. ನಾನು ಹಜಾರದಲ್ಲಿ ರಾಗಿ ಕೇರುತ್ತಿದ್ದೆ. ಹೈಸ್ಕೂಲು ಮೇಷ್ಟರ ಹೆಂಡತಿ ಸಿದ್ದಲಿಂಗಮ್ಮ, ಮೈಸೂರಿನಲ್ಲಿ ತಂಗಿಯ ಮನೆಗೆ ಹೋಗಿದ್ದವಳು, ನೆಟ್ಟಗೆ ಸ್ಟೇಷನ್ನಿನಿಂದಲೇ ಬಂದು ಬಾಗಿಲಲ್ಲಿ ನಿಂತಳು. “ಅಲ್ಲ ಪಾರ್ವತಮ್ಮೋರೆ, ನಿಮ್ ಸರಸುಂಗೆ ಮದ್ವೆ ಗೊತ್ತಾಗ್ಯದಂತೆ, ನಮ್ಗೊಂದ್ ಮಾತೂ ಯೋಳ್ನಿಲ್ವಲ್ಲ!” ಎಂದಳು. ಹೆತ್ತ ಮಗಳ ಮದುವೆಯ ಸುದ್ದಿಯನ್ನು ನಾನು ಪಕ್ಕದ ಬೀದಿಯವಳ ಬಾಯಿಂದ ಕೇಳಿದೆ. ಗಂಡು ಯಾರು ಎಂದು ನಾನೇ ಅವಳನ್ನು ಕೇಳಬೇಕಾಯಿತು. ಆ ಅವಮಾನ ನಿನಗೆ ಅರ್ಥವಾಗುತ್ತದೋ ಇಲ್ಲವೋ ಕಾಣೆ.

ಅವಳ ತಂಗಿಯ ಮಗಳು ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಂಜೆ ಹೊತ್ತು ಫ್ರೆಂಚ್ ಕಲಿಯುತ್ತಾಳಂತೆ. ನಿನ್ನ ರೂಮಿನಿಂದ ನಾಲ್ಕು ಬೀದಿ ಆಚೆ. ಫೀಜು ಹೇಳಿದಳು, ನಮ್ಮ ಮಂಡಿಯಲ್ಲಿ ಬಂದವರಿಗೆ ಕೊಡುವ ಎಲೆ ಅಡಿಕೆಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಅಲ್ಲಿನ ಉಪಾಧ್ಯಾಯಿನಿ ಹೇಳಿದರಂತೆ: ಹಿರೋಡೆಯ ಹುಡುಗಿಯ ಮಾವ ಬಂದಿದ್ದರು, ಎಲ್ಲ ವಿಚಾರಿಸಿಕೊಂಡು ಒಂದು ಜಾಗ ಹಿಡಿದಿಡಿ ಎಂದರು, ವಾರ ಬಿಟ್ಟು ಮತ್ತೆ ಬಂದು, ಹುಡುಗಿ ನನಗೇ ಗೊತ್ತಾಗಿದ್ದಾಳೆ, ಇನ್ನು ಓದು ಬೇಡ ಎಂದರು.

ಅಂದರೆ ನೀನು ಹುಡುಕಿದ್ದೆ. ಸಿಕ್ಕಿತ್ತು. ಜಾಗವನ್ನೂ ಹಿಡಿದಿದ್ದೆ. ಆಮೇಲೆ ಆ ವಾರದಲ್ಲಿ ರೂಮಿನಲ್ಲಿ ಒಬ್ಬನೇ ಕೂತು ಲೆಕ್ಕ ಹಾಕಿದೆ, ಇವಳು ಓದಿ ಸಂಬಳ ತರುವ ಹಾಗಾದರೆ ನನ್ನ ಕೈಗೆ ಸಿಕ್ಕುವುದಿಲ್ಲ ಎಂದು. ಅಲ್ಲವೇನೋ?

ಯಾರು ಗೊತ್ತು ಮಾಡಿದರು, ಯಾವಾಗ ಗೊತ್ತಾಯಿತು ಎಂದು ತಲೆ ಕೆಡಿಸಿಕೊಂಡು ಮಾರನೆಯ ದಿನವೇ ಕೃಷ್ಣರಾಜಪೇಟೆಗೆ ಅವ್ವನ ಹತ್ತಿರ ಹೋದೆ. ಅವ್ವ ನನ್ನನ್ನೇ ಬೈದಳು. “ಗೌರಿ ಹಬ್ಬದಲ್ಲಿ ಮಣೆ ಮ್ಯಾಲೆ ಕುಂತ್ಕಂಡು ಅವುನ್ ಕೈಲಿ ಸೀರೆ ಈಸ್ಕಂಡಿಲ್ವೇನೇ? ಎಲಡ್ಕೆ ಈಸ್ಕಂಡಿಲ್ವೇನೇ? ಕುಲದ್ ಯಜಮಾನ್ರು ಬೋರಯ್ಯ ಜಗ್ಲಿ ಮ್ಯಾಲೆ ಕುಂತು ನೋಡ್ನಿಲ್ವೇನೇ? ಇನ್ನೇನ್ ಬಾಕಿ ಅದೆ, ಬುಡು!” ಎಂದಳು.

ಆಗ ನನಗೆ ಎಲ್ಲ ಹೊಳೆಯಿತು. ಹೋದ ಗೌರಿ ಹಬ್ಬಕ್ಕೆ ನೀನು ಎರಡು ಸೀರೆ ತಂದೆ. ನನಗೊಂದು, ತವರಿನ ಬಾಗಿನ. ಸರಸಳಿಗೆ ಇನ್ನೊಂದು, ಹಸಿರು ಮೈ, ಕೆಂಪು ಅಂಚು. ತಮ್ಮನಿಗೆ ಸಂಬಳ ಹೆಚ್ಚಾಗಿದೆ, ಅಕ್ಕನ ಮಗಳ ಮೇಲೂ ಅಕ್ಕರೆ ಬಂದಿದೆ ಎಂದು ನಾನು ಹಿಗ್ಗಿಹೋದೆ. ಹಬ್ಬದ ದಿನ ಬರಿಗೈಯಲ್ಲಿ ಈಸಿಕೊಳ್ಳಬಾರದು ಎಂದು ನಾನೇ ಅವಳನ್ನು ಮಣೆಯ ಮೇಲೆ ಕೂರಿಸಿದೆ. ನಾನೇ ಎಲೆ ಅಡಿಕೆ ಇಟ್ಟುಕೊಟ್ಟೆ. ನಾನೇ ನಿನ್ನ ಕಾಲಿಗೆ ಬೀಳಿಸಿದೆ. ಬಾಗಿನವೆಂದು ನಾನು ತಿಳಿದೆ, ಒಪ್ಪಿಗೆಯ ವೀಳ್ಯವೆಂದು ನೀನು, ಅವ್ವ, ಬೋರಯ್ಯನವರು ಮೂವರೂ ತಿಳಿದಿರಿ. ನಾನು ತಿಳಿದದ್ದು ತಪ್ಪೆಂದು ನಿನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಅಕ್ಕ, ಇದು ಹಾಗಲ್ಲ ಎಂದು ಒಂದು ಮಾತು ಹೇಳುವುದಕ್ಕೆ ನಿನ್ನ ಬಾಯಿಗೇನಾಗಿತ್ತು? ಒಬ್ಬಟ್ಟು ತುಂಬಿತ್ತೇನೋ?

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಹೊಸದಲ್ಲ. ನೀನು ಕೆಟ್ಟವನೂ ಅಲ್ಲ. ಬಾಯಿ ಬಿಟ್ಟು ಕೇಳಿದ್ದರೆ ನಾನು ಹೂಂ ಎಂದೇಬಿಡುತ್ತಿದ್ದೆನೇನೋ, ಸುಳ್ಳೇಕೆ. ಆಗ ಸರಸ ಬೇಡವೆನ್ನುತ್ತಿದ್ದಳು, ನಾನು ಅವಳನ್ನು ಗದರಿಸುತ್ತಿದ್ದೆ, ಮನೆಯಲ್ಲಿ ಒಂದು ಜಗಳವಾಗುತ್ತಿತ್ತು. ಆ ಜಗಳಕ್ಕೂ ನೀನು ಅವಕಾಶ ಕೊಡಲಿಲ್ಲ. ನಾನು ಅವ್ವನ ಮನೆಯಿಂದ ಬಂದು ಎಲ್ಲವನ್ನೂ ಹೇಳಿದಾಗ ಸರಸ ಅಳಲಿಲ್ಲ. “ಮಾವ ಕೇಳಿದ್ರೆ ಬ್ಯಾಡ ಅಂತ ನಾನೇ ಯೋಳ್ತಿದ್ದೆ ಕಣವ್ವ. ಕೇಳ್ನೇ ಇಲ್ವಲ್ಲ. ಆ ಮಾರಮ್ಮುಂಗಾದ್ರೂ ನಾನಿದ್ದೆ, ನಂಗ್ಯಾರವ್ರೆ?” ಎಂದಳು.

ನಿನ್ನ ಭಾವನವರು ಗಟ್ಟಿಯಾಗಿ ಮಾತಾಡಿದ್ದನ್ನು ನೀನೂ ಕಂಡಿಲ್ಲ, ನಾನೂ ಕಂಡಿಲ್ಲ. ಅವರು ತಟ್ಟೆಯ ಮುಂದೆ ಕೂತವರು ಮುದ್ದೆ ಮುಟ್ಟದೆ ಕೈ ತೊಳೆದು, “ಮೈಸೂರಿನ್ ಗಾಡಿ ಎಷ್ಟೊತ್ಗೆ?” ಎಂದಷ್ಟೇ ಕೇಳಿದರು. ಅಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿತ್ತು.

ನಿನ್ನನ್ನು ಇಸ್ಕೂಲಿಗೆ ಸೇರಿಸಿದ ವರ್ಷ ನನ್ನನ್ನು ಬಿಡಿಸಿದರು, ದನ ನೋಡಲು ಒಬ್ಬರು ಬೇಕಾಗಿತ್ತು. ನಾನು ತಕರಾರು ಮಾಡಲಿಲ್ಲ. ಸಂಜೆ ಕೊಟ್ಟಿಗೆಯ ಮುಂದೆ ಮರಳು ಹರಡಿ ನಿನ್ನ ಬೆರಳು ಹಿಡಿದು ತಿದ್ದಿಸಿದವಳು ನಾನು. ಆ ಬೆರಳೇ ಇಂದು ನನ್ನ ಮಗಳ ಓದಿಗೆ ಅಡ್ಡ ಬಂದಿದೆ. ಒಬ್ಬಳನ್ನು ಬಿಡಿಸಿ ಓದಿದ್ದು ಸಾಲದೆ, ಇನ್ನೊಬ್ಬಳನ್ನೂ ಬಿಡಿಸಲು ಬಂದೆಯಾ?

ಇನ್ನು ನೀನು ಮಾಡಬೇಕಾದ್ದನ್ನು ಹೇಳುತ್ತೇನೆ. ಉಪಾಧ್ಯಾಯಿನಿ ಪುಣ್ಯಾತ್ಮಳು, ಸಿದ್ದಲಿಂಗಮ್ಮ ನಿನ್ನೆಯೇ ಮತ್ತೆ ಮೈಸೂರಿಗೆ ಹೋಗಿ ಬೇಡಿಕೊಂಡಿದ್ದಕ್ಕೆ ಸೋಮವಾರ ಸಂಜೆಯವರೆಗೆ ಜಾಗ ಹಿಡಿದಿಡಲು ಒಪ್ಪಿದ್ದಾರೆ. ಉಳಿಯುವುದಕ್ಕೆ ಸಿದ್ದಲಿಂಗಮ್ಮನ ತಂಗಿಯ ಮನೆ ಇದೆ. ಮನೆಗೆಲಸದಲ್ಲಿ ಸರಸ ಕೈಜೋಡಿಸುತ್ತಾಳೆ, ರಾಗಿ ಬೆಲ್ಲ ನಾವು ಕಳಿಸುತ್ತೇವೆ. ಆದರೆ ಅರ್ಜಿಗೆ ಮೈಸೂರಿನಲ್ಲಿ ವಾಸವಿರುವ ಪೋಷಕನೊಬ್ಬನ ರುಜು ಬೇಕಂತೆ. ನಿನ್ನ ಭಾವನವರ ರುಜು ಹಿರೋಡೆಯದು, ನಡೆಯುವುದಿಲ್ಲ. ಆದ್ದರಿಂದ ನಾಡಿದ್ದು ಕಚೇರಿಗೆ ರಜೆ ಹಾಕು. ನೀನೇ ಕೆಡಿಸಿದ ಜಾಗಕ್ಕೆ ನೀನೇ ಅವಳನ್ನು ಕರೆದುಕೊಂಡು ಹೋಗು. ಅಂದು ಹೇಳಿದ್ದು ಸುಳ್ಳು ಎಂದು ಅವರ ಮುಂದೆ ನಿಂತು ಹೇಳು. ಹುಡುಗಿಗೂ ನಿನಗೂ ಏನು ಸಂಬಂಧವೆಂದು ಕೇಳುವ ಕಡೆ ಸೋದರಮಾವ ಎಂದು ನಿನ್ನ ಕೈಯಾರೆ ಬರೆ. ಆ ಪದಕ್ಕೆ ಅವತ್ತು ಯಾವ ಅರ್ಥ ಇಟ್ಟುಕೊಂಡಿದ್ದೆಯೋ ಅದನ್ನು ಬಿಟ್ಟು ಬರೆ.

ಬರೆದರೆ ಈ ಗೌರಿ ಹಬ್ಬಕ್ಕೆ ಎಂದಿನಂತೆ ಬಾ, ನಿನ್ನ ದಾರಿ ನೋಡುತ್ತೇನೆ. ಬರೆಯದೆ ಇದ್ದರೆ ಬಾಗಿನವನ್ನು ಅಂಚೆಯಲ್ಲೂ ಕಳಿಸಬೇಡ. ತವರಿಲ್ಲದ ಹೆಂಗಸರೂ ಊರಿನಲ್ಲಿ ಇದ್ದಾರೆ, ಅವರ ಜೊತೆ ಕೂತು ಪೂಜೆ ಮಾಡುತ್ತೇನೆ. ಅವ್ವನಿಗೂ ಬೋರಯ್ಯನವರಿಗೂ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ.

ಭಾವನವರಿಗೆ ಊಟ ಹಾಕಿ ಸಾಯಂಕಾಲದ ಗಾಡಿ ಹತ್ತಿಸು. ಅವರು ಶುಕ್ರವಾರದಿಂದ ಸರಿಯಾಗಿ ಉಂಡಿಲ್ಲ.

ಇಂತು,
ಮರಳಿನಲ್ಲಿ ನಿನಗೆ ಅಕ್ಷರ ತಿದ್ದಿಸಿದ ಅಕ್ಕ,
ಪಾರ್ವತಮ್ಮ

ಮರೆತಿದ್ದೆ: ಸರಸಳ ಟ್ರಂಕಿನಲ್ಲಿ ಆ ಹಸಿರು ಸೀರೆಯನ್ನು ಹುಡುಕಬೇಡ. ನಿನ್ನ ಮುಖದ ಮೇಲೆ ಎಸೆದು ಬರಲು ಕಳಿಸೋಣವೆಂದೇ ಮಡಚಿಟ್ಟಿದ್ದೆ. ಸರಸ ಬೇಡವೆಂದಳು. ಸಿದ್ದಲಿಂಗಮ್ಮನ ಬಳಗದಲ್ಲಿ ಒಂದು ಹುಡುಗಿಗೆ ನಿಜವಾಗಿಯೂ ಮದುವೆ ಗೊತ್ತಾಗಿದೆ, ಅವರೇ ಕೊಂಡುಕೊಂಡರು. ಆ ದುಡ್ಡು ಸರಸಳ ಸೆರಗಿನ ಗಂಟಿನಲ್ಲಿದೆ, ಸೋಮವಾರ ಕಟ್ಟಬೇಕಾದ ಮೊದಲ ಕಂತಿಗೆ ಸರಿಹೋಗುತ್ತದೆ. ಅಕ್ಕನ ಮಗಳಿಗೆ ನಿನ್ನ ತಮ್ಮ ಏನು ಕೊಟ್ಟ ಎಂದು ನಾಳೆ ಯಾರಾದರೂ ಕೇಳಿದರೆ, ಕಾಲೇಜಿನ ಫೀಜು ಕೊಟ್ಟ ಎಂದು ಹೇಳುತ್ತೇನೆ.