ಒಮ್ಮೆ ಮಾತ್ರ ಕೇಳಿದ ಗೋಡೆ

ಕಲಬುರಗಿ
ಬೇಸಿಗೆಯ ನೂರಾ ಹದಿಮೂರನೆಯ ದಿನ, ಇಸವಿ ೨೧೮೯

ಕಟ್ಟಡಗಳಿಗೆ ತಂಪು ಕಲಿಸಲು ಹೊರಟಿರುವ ಹಿರಿಯರಿಗೆ ಮಹಾನಂದಾಳ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ, ನಿಮಗಿಂತ ಬಹಳ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ತಿಂಗಳುಗಳ ಲೆಕ್ಕ ಬಿಟ್ಟು ಬಹಳ ಕಾಲವಾಯಿತು. ಬೇಸಿಗೆ ಮುಗಿಯುವವರೆಗೆ ಅದರ ದಿನಗಳನ್ನೇ ಎಣಿಸುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಮೊನ್ನೆ ಕಂಡದ್ದನ್ನು ನಿಮಗೆ ಹೇಳಲೇಬೇಕಿದೆ.

ನಾನು ಹದಗಾರ್ತಿ. ಎಂದರೆ ನೂರಾ ನಲವತ್ತು ಮನೆಗಳ ಒಂದು ಕಟ್ಟಡದ ಗಾಳಿಯ ಹದ ನೋಡಿಕೊಳ್ಳುವವಳು. ಬೆಳಿಗ್ಗೆ ಹತ್ತಕ್ಕೆ ನಮ್ಮ ಕಿಟಕಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಸಂಜೆಯ ತನಕ ತೆರೆಯುವುದಿಲ್ಲ. ಹೊರಗೆ ನಲವತ್ತೆಂಟು ಡಿಗ್ರಿ. ಒಳಗಿನ ತಂಪೆಲ್ಲ ನೆಲದಡಿಯ ದೊಡ್ಡ ತೊಟ್ಟಿಯಿಂದ ಗೋಡೆಯ ಕೊಳವೆಗಳಲ್ಲಿ ಹರಿದು ಬರುತ್ತದೆ. ಎಲ್ಲರಿಗೂ ಇರುವುದು ಅದೊಂದೇ ತೊಟ್ಟಿ. ಯಾರಿಗೆ ಎಷ್ಟು ಎಂಬುದನ್ನು ಗೋಡೆಯೇ ಕಲಿತುಕೊಳ್ಳುತ್ತದೆ. ದಿನಾ ಮಧ್ಯಾಹ್ನ ಅದು ಪ್ರತಿ ಮನೆಯವರನ್ನೂ ಕೇಳುತ್ತದೆ: ತಂಪು ಸಾಕೇ, ಇನ್ನೂ ಬೇಕೇ? ಬೇಕೆಂದರೆ ಅರ್ಧ ಡಿಗ್ರಿ ಇಳಿಸುತ್ತದೆ. ಸಾಕೆಂದರೆ ಅರ್ಧ ಡಿಗ್ರಿ ಏರಿಸಿ, ಉಳಿದ ತಂಪನ್ನು ಬೇಕೆಂದವರ ಮನೆಗೆ ಕಳಿಸುತ್ತದೆ. ಹೀಗೆ ಒಬ್ಬೊಬ್ಬರ ಮೈಯ ಅಳತೆ ಅದಕ್ಕೆ ಸಿಗುತ್ತದೆ ಎಂದು ನಾವು ನಂಬಿದ್ದೆವು.

ನಿಮ್ಮನ್ನು ನೆನೆದು ನಾವು ನಗುತ್ತಿದ್ದೆವು ಎಂಬುದನ್ನೂ ಹೇಳಿಬಿಡುತ್ತೇನೆ. ನೀವು ಎಲ್ಲರಿಗೂ ಒಂದೇ ಅಂಕಿ ಇಟ್ಟು, ಸುಡು ಬೇಸಿಗೆಯಲ್ಲೂ ಆಫೀಸಿನೊಳಗೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಿರಂತೆ. ನಾವು ಹಾಗಲ್ಲ, ಅಂಕಿಗಿಂತ ಮನುಷ್ಯರ ಮಾತು ದೊಡ್ಡದು ಎಂದು ಸಭೆ ಸೇರಿ ತೀರ್ಮಾನ ಮಾಡಿದವರು. ಕೋಣೆ ಎಷ್ಟೇ ಬಿಸಿಯಿರಲಿ, ಒಳಗಿದ್ದವರು ಸಾಕೆಂದರೆ ಗೋಡೆ ಅದನ್ನೇ ನಂಬಬೇಕು. ಆ ತೀರ್ಮಾನಕ್ಕೆ ಮೊದಲು ಕೈ ಎತ್ತಿದವಳು ನಾನೇ.

ನಮ್ಮ ಕಟ್ಟಡದ ಕೆಳಗಿನ ಅಡುಗೆಮನೆ ಗುರುಬಸಮ್ಮನವರದು. ನೂರಾ ನಲವತ್ತು ಮನೆಗೂ ಜೋಳದ ರೊಟ್ಟಿ ಬಡಿಯುವ ಗಟ್ಟಿ ಕೈ. ನಾವೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತೇವೆ. ಅವರ ಪಂಕ್ತಿಯಲ್ಲಿ ಕೂತು ಸಾಕು ಎಂದವರು ಯಾರೂ ಒಂದು ರೊಟ್ಟಿ ಕಡಿಮೆ ತಿಂದು ಎದ್ದದ್ದಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಪಲ್ಯ ಬೀಳುತ್ತದೆ. "ಸಾಕು ಅಂದ್ರ ಇನ್ನೊಂದು ಹಾಕು ಅಂತ ತಿಳೀಬೇಕವ್ವ," ಎಂದು ನನಗೆ ಎಷ್ಟು ಸಲ ಹೇಳಿಲ್ಲ. ಮೊದಲ ಸಲಕ್ಕೇ ಹೂಂ ಎನ್ನಲು ಇಲ್ಲಿ ಯಾರಿಗೂ ನಾಚಿಕೆ. ಎರಡನೆಯ ಸಲ ಕೇಳಿದಾಗ ತಲೆ ತಗ್ಗಿಸಿ ಸುಮ್ಮನಾಗುತ್ತೇವೆ, ಮೂರನೆಯದಕ್ಕೆ ತಿನ್ನುತ್ತೇವೆ. ನಾನೂ ಹೀಗೆ ಉಂಡೇ ಬೆಳೆದವಳು.

ಇತ್ತೀಚಿನ ವಾರಗಳಲ್ಲಿ ಇಡೀ ಕಟ್ಟಡದಲ್ಲಿ ಅತಿ ಕಡಿಮೆ ತಂಪು ಬಳಸಿದ್ದು ದೊಡ್ಡವ್ವನ ಕೋಣೆ. ಹೋದ ವಾರದ ಸಭೆಯಲ್ಲಿ ಅದನ್ನು ಎಲ್ಲರಿಗೂ ಮಾದರಿ ಎಂದು ನಾನೇ ಹೊಗಳಿದೆ. ಜನ ಚಪ್ಪಾಳೆ ತಟ್ಟಿದರು, ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂದು ನನಗೆ ಎಷ್ಟು ಹೆಮ್ಮೆಯಾಗಿತ್ತು.

ಮೊನ್ನೆ ನಾಲ್ಕು ಗಂಟೆಯಾದರೂ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಮೂರನೇ ಮಹಡಿಯ ಅವರ ಕೋಣೆಗೆ ಹೋಗಿ ಬಾಗಿಲು ತೆಗೆದೆ. ಕಾದ ಹಂಚಿನ ಮೇಲೆ ಬಗ್ಗಿದ ಹಾಗೆ ಮುಖಕ್ಕೆ ಬಿಸಿ ಬಡಿಯಿತು. ದೊಡ್ಡವ್ವ ನೆಲದ ಮೇಲೆ ಬಿದ್ದಿದ್ದರು, ಮೈ ಮುಟ್ಟಿದರೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಗೋಡೆಯ ಮೇಲೆ ನಲವತ್ತೊಂದು ಡಿಗ್ರಿ ಎಂದಿತ್ತು. ಅದರ ಪಕ್ಕದಲ್ಲೇ ಹಸಿರು ದೀಪ, ಕೆಳಗೆ 'ಹಿತವಾಗಿದೆ' ಎಂಬ ಬರಹ. ಯಂತ್ರ ಕೆಟ್ಟಿರಲಿಲ್ಲ ಹಿರಿಯರೇ. ಒಂದು ಕೊಳವೆ ಸೋರಿರಲಿಲ್ಲ. ನಾವು ಹೇಳಿದ್ದನ್ನೇ ಅದು ತಪ್ಪದೆ ಮಾಡಿತ್ತು.

ಅವರನ್ನು ಆಸ್ಪತ್ರೆಗೆ ಸಾಗಿಸಿ, ನಾನು ಕೆಲಸ ಮಾಡುವ ಹದದ ಕೋಣೆಗೆ ಬಂದು, ಗೋಡೆ ಉಳಿಸಿಕೊಂಡಿದ್ದ ಅವರ ದನಿಯನ್ನು ಕೇಳಿದೆ. ಕೆಳಗಿನ ಮನೆಗೆ ಬಾಣಂತಿ ಬಂದ ಮೇಲಿನ ಇಪ್ಪತ್ತೆಂಟು ಮಧ್ಯಾಹ್ನ, ಇಪ್ಪತ್ತೆಂಟು ಉತ್ತರ. "ಸಾಕವ್ವ, ನನಗ್ಯಾಕ ಅಷ್ಟು ತಂಪು. ಕೆಳಗ ಬಾಳಂತಿ ಅದಾಳ, ಆಕಿಗಿ ಕೊಡು." ಪ್ರತಿ ಸಲವೂ ಮಾತು ಮುಗಿಸಿ ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಗೋಡೆಯೂ ಸುಮ್ಮನಿರುತ್ತಿತ್ತು. ಆ ಮೌನವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳಿದೆ.

ನಿನ್ನೆ ಅವರಿಗೆ ಎಚ್ಚರವಾಯಿತು. ಹೋಗಿ ಪಕ್ಕದಲ್ಲಿ ಕೂತು, ಯಾಕೆ ಹೇಳಲಿಲ್ಲ ದೊಡ್ಡವ್ವ ಎಂದು ಅತ್ತುಬಿಟ್ಟೆ. ಅವರು ನನ್ನನ್ನೇ ನೋಡಿದರು. "ಗ್ವಾಡಿ ಇನ್ನೊಮ್ಮಿ ಕೇಳ್ತದ ಅಂತ ತಿಳ್ಕೊಂಡಿದ್ದೆ," ಎಂದರು. ದೂರುವ ದನಿಯಲ್ಲ, ನಾಚಿಕೆಯ ದನಿ. ಹೊಸ ಊರಿನಲ್ಲಿ ಊಟಕ್ಕೆ ಕೂತು ಹಸಿದು ಎದ್ದವರ ದನಿ. ನಾನು ಲೋಟದಲ್ಲಿ ಒಂದಿಷ್ಟು ನೀರು ಕೊಟ್ಟೆ. ಕುಡಿದರು. ಇನ್ನೂ ಬೇಕಾ ಎಂದೆ. ಸಾಕವ್ವ ಎಂದರು.

ನನ್ನ ಕೈ ಹೂಜಿಯನ್ನು ಕೆಳಗಿಡಲು ಹೋಗಿತ್ತು. ಅಷ್ಟು ಕಂಡಮೇಲೂ, ಅವರ ಮಾತು ಕೇಳಿ ಕ್ಷಣವಾಗದಿದ್ದರೂ. ಆಗ ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು. ಗೋಡೆಗೆ ಕಲಿಸುತ್ತಾ ಕಲಿಸುತ್ತಾ ನಾನೂ ಅದರ ಪಾಠ ಕಲಿತಿದ್ದೆ. ಅವರನ್ನು ಮತ್ತೆ ಕೇಳದೆ ಲೋಟ ತುಂಬಿಸಿದೆ. ಗಟಗಟ ಕುಡಿದರು. ಇನ್ನೊಮ್ಮೆ ತುಂಬಿಸಿದೆ, ಅದನ್ನೂ ಕುಡಿದರು.

ತಂಪನ್ನು ಉಳಿಸಿ, ಬೇಡವೆನ್ನುವುದಿಲ್ಲ. ನೀವು ಉಳಿಸಿದ್ದರಲ್ಲೇ ನಾವು ಬದುಕಿದ್ದೇವೆ. ಜನರ ಮಾತಿನ ಮೇಲೆ ಎಷ್ಟೇ ನಂಬಿಕೆಯಿದ್ದರೂ, ಮೈ ತಾಳದ ಬಿಸಿಗೆ ಒಂದು ಗೆರೆ ಎಳೆದಿಡಿ, ಯಾರ ಸಂಕೋಚಕ್ಕೂ ಅದು ಸರಿಯದಿರಲಿ. ಮತ್ತು ಯಂತ್ರಕ್ಕೆ ಕೇಳಲು ಕಲಿಸುವ ದಿನ, ನಿಮ್ಮ ಮನೆಯಲ್ಲಿ ಬಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇದನ್ನು ಓದಿ ತಿಳಿಯಿತೆಂದು ತಲೆಯಾಡಿಸುತ್ತೀರಿ, ನನಗೆ ಗೊತ್ತು. ದಯವಿಟ್ಟು ಇನ್ನೊಮ್ಮೆ ಓದಿ.

ನಿಮ್ಮ ಮುಂದಿನವಳು,
ಮಹಾನಂದಾ