ನಾಲ್ಕು ಸಾವಿರ ವರ್ಷದ ನನ್ನ ಕೂಸು

ಮೂಳೆ ನೋಡಿ ಕಾಲ ಹೇಳುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಹೆಮ್ಮಿಗೆಯ ನಮ್ಮ ಹೊಲದ ಅಂಚಿನ ದಿಬ್ಬದಿಂದ ನೀವು ಅಗೆದು ಒಯ್ದ ಮಡಕೆಯೊಳಗಿನ ಕೂಸು ನನ್ನದು. ಅದನ್ನು ವಾಪಸ್ಸು ಕೊಡಿ. ವಿಷಯ ಇಷ್ಟೇ. ನಿಮ್ಮಂಥವರು ಪೂರ್ತಿ ಓದದೆ ರುಜು ಹಾಕುತ್ತೀರೆಂದು ಕೇಳಿದ್ದೇನೆ, ಅದಕ್ಕೇ ಮೊದಲೇ ಬರೆದೆ. ನಾನು ಊರ ಸ್ಕೂಲಿನಲ್ಲಿ ಅಕ್ಷರ ಕಲಿತದ್ದಷ್ಟೇ. ತಪ್ಪಿದ್ದ ಕಡೆ ಮೊಮ್ಮಗಳು ಕವನ ತಿದ್ದಿದ್ದಾಳೆ. ನನ್ನ ಕೋಪವನ್ನು ಮಾತ್ರ ತಿದ್ದಬೇಡ ಎಂದಿದ್ದೆ. ಆಮೇಲೆ ಓದಿಸಿ ಕೇಳಿದರೆ ಅದರಲ್ಲಿ ಕೋಪವೂ ಅಷ್ಟಾಗಿ ಇರಲಿಲ್ಲ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ನಿಮ್ಮವರು ಬಂದು ದಿಬ್ಬದ ಸುತ್ತ ದಾರ ಕಟ್ಟಿ, ಕುಂಚ ಹಿಡಿದು ಮಣ್ಣು ಗುಡಿಸುತ್ತ ಕೂತರು. ‘ಇಸ್ಟ್ ನಿಧಾನ್ಕೆ ಕಸ ಗುಡ್ಸಿದ್ರೆ ನಮ್ಮತ್ತೆ ನನ್ನ ತವರ್ಗೇ ಅಟ್ಟೋಳು ಕಣಕ್ಕ’ ಎಂದು ಪಕ್ಕದ ಮನೆ ಮಹದೇವಮ್ಮ ನಗಾಡಿದಳು. ನಾನು ಅವರಿಗೆ ಮಜ್ಜಿಗೆ ಒಯ್ದು ಕೊಡುತ್ತಿದ್ದೆ. ಒಂದು ದಿನ ಕರೀ ಮಡಕೆ ಸಿಕ್ಕಿತು, ಒಳಗೆ ಎಳೆಗೂಸಿನ ಮೂಳೆ. ಮಡಕೆ ನಾಲ್ಕು ಸಾವಿರ ವರ್ಷದ್ದು, ಆದ್ದರಿಂದ ಕೂಸೂ ಅಷ್ಟೇ ವರ್ಷದ್ದು ಎಂದು ನಿಮ್ಮ ಸಾಹೇಬರು ಹೇಳಿದರು. ಎಲ್ಲರ ಜೊತೆ ನಾನೂ ಇಣುಕಿದೆ. ಹೊಟ್ಟೆಯಲ್ಲಿ ಏನೋ ಕಲಸಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಏನೂ ಆಗಲಿಲ್ಲ. ಖಾಲಿ ಚೊಂಬು ಎತ್ತಿಕೊಂಡು ಮನೆಗೆ ಬಂದೆ.

ಆಮೇಲೆ ಊರವರ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಎಂಜಲು ತೆಗೆದುಕೊಂಡಿರಿ. ಹಳೇ ಮೂಳೆಯಲ್ಲಿ ಡಿಎನ್‌ಎ ಎಂಬುದು ಉಳಿದಿರುತ್ತದಂತೆ. ಅದನ್ನು ನಮ್ಮದರ ಜೊತೆ ಇಟ್ಟು ನೋಡಿದರೆ, ಆ ಕಾಲದ ಜನ ಯಾರು, ಎಲ್ಲಿಂದ ನಡೆದು ಬಂದರು, ನಾವು ಅವರ ಕುಲವೋ ಅಲ್ಲವೋ ಎಲ್ಲ ತಿಳಿಯುತ್ತದಂತೆ. ಒಳ್ಳೆಯದೇ. ನಾನು ಎಲ್ಲಿಂದ ಬಂದೆ ಎಂದು ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆ: ತವರು ಬಿಳಿಗೆರೆಯಿಂದ, ಎತ್ತಿನ ಗಾಡಿಯಲ್ಲಿ, ದಾರಿಯುದ್ದಕ್ಕೂ ಅಳುತ್ತಾ.

ಮಳೆಗಾಲ ಕಳೆದ ಮೇಲೆ ನಿಮ್ಮ ಸಾಹೇಬರು ಮುಖ ಗಂಟುಹಾಕಿಕೊಂಡು ಜಗಲಿಗೆ ಬಂದರು.

‘ಅಜ್ಜಿ, ನಿಜ ಹೇಳಿ. ಆ ಮೂಳೆ ಮುಟ್ಟಿದ್ರಾ?’

‘ಇಲ್ಲ ಕಣ್ ಸಾ. ದಾರ ಕಟ್ಟಿದ್ರಲ್ಲ, ನಾನ್ ದಾಟ್ನೇ ಇಲ್ಲ.’

‘ಹಾಗಾದ್ರೆ ನಿಮ್ಮ ಗುರುತು ಅದರೊಳಗೆ ಹೇಗೆ ಬಂತು? ಊರಲ್ಲಿ ಯಾರದೂ ತಾಳೆಯಾಗಲಿಲ್ಲ, ನಿಮ್ಮದೊಂದೇ ತಾಳೆಯಾಗ್ತಾ ಇದೆ. ಎಂಥಾ ಮಾದರಿ ಹಾಳಾಯ್ತು ನೋಡಿ.’

‘ನನ್ಗೇನ್ ಗೊತ್ತು ಸಾ. ಮಜ್ಜಿಗೆ ಕೊಟ್ಟಿದ್ದೇ ತಪ್ಪಾಯ್ತಾ?’

ಅವರು ಹೋದ ಮೇಲೆ ಕವನ ಬಂದು ನನ್ನ ಪಕ್ಕ ಕೂತಳು. ನಂಜನಗೂಡಿನ ಕಾಲೇಜಿನಲ್ಲಿ ಸೈನ್ಸ್ ಓದುವವಳು.

‘ಅಜ್ಜಿ, ಅವ್ರು ನೋಡಿರೋ ಗುರ್ತು ತಾಯಿಂದ ಮಕ್ಳಿಗೆ ಬರೋದು. ನೀನೊಂದ್ ಕೂಸು ಕಳ್ಕಂಡಿದ್ದೆ ಅಂತಿದ್ದಲ್ಲ, ಅದ್ನ ಎಲ್ಲಿ ಮಡಗಿದ್ರು?’

ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಹಚ್ಚುತ್ತಲೇ ಇದ್ದೆನಂತೆ. ಕೈಯಿಂದ ಕಿತ್ತುಕೊಂಡವಳು ಅವಳೇ.

ಮಾನ್ಯರೇ, ನಮ್ಮ ಮನೆಯಲ್ಲಿ ಹೆಸರಿಡುವ ಮೊದಲೇ ತೀರಿಕೊಂಡ ಕೂಸನ್ನು ದೊಡ್ಡವರ ಜೊತೆ ಮಣ್ಣು ಮಾಡುತ್ತಿರಲಿಲ್ಲ. ನರಿ ತೋಡದಿರಲೆಂದು ಮಡಕೆಯಲ್ಲಿಟ್ಟು, ಬಾಯಿಗೆ ಕಲ್ಲು ಮುಚ್ಚಿ, ಹೊಲದ ಕಡೆ ಹೂಳುತ್ತಿದ್ದರು. ಬಾಣಂತಿ ಜೊತೆಗೆ ಹೋಗುವಂತಿಲ್ಲ, ಜಾಗ ಕೇಳುವಂತೆಯೂ ಇಲ್ಲ. ನನ್ನ ಮೊದಲ ಹೆಣ್ಣುಕೂಸು ಹೋದ ದಿನ ನಮ್ಮತ್ತೆ ಚಾಮುಂಡಮ್ಮ ಅಂಗಳದಲ್ಲಿ ನಿಂತು ನನ್ನ ಗಂಡನಿಗೆ ಹೇಳಿದ್ದು ಒಳಗೆ ಕೇಳಿಸುತ್ತಿತ್ತು: ‘ಒಸಾ ಮಡ್ಕೆ ಯಾಕ್ಲಾ? ದಿಬ್ದಲ್ಲಿ ಉಳೋವಾಗ ಸಿಕ್ಕಿತ್ತಲ್ಲ ಕರೀದು, ಅದ್ನೇ ತಕ್ಕೋ. ಕಲ್ಲಿದ್ದಂಗದೆ.’ ಅದೇ ಮಡಕೆ. ಅದೇ ದಿಬ್ಬ. ನಾಲ್ಕು ಸಾವಿರ ವರ್ಷ ಎಂದಿರಲ್ಲ, ಅದಕ್ಕೇ ಅಂದು ಇಣುಕಿದಾಗ ನನಗೆ ಹೊಳೆಯಲಿಲ್ಲ. ಅತ್ತೆ ನಾಲ್ಕು ಕಾಸು ಉಳಿಸಿದಳು, ನೀವು ನಾಲ್ಕು ಸಾವಿರ ವರ್ಷ ಕೂಡಿಸಿದಿರಿ. ಮಡಕೆಯ ವಯಸ್ಸೇ ಅದರೊಳಗಿರುವುದರ ವಯಸ್ಸು ಎಂದು ಯಾವ ಶಾಸ್ತ್ರ ಹೇಳುತ್ತದೆ? ಆ ಲೆಕ್ಕದಲ್ಲಿ, ನಮ್ಮಜ್ಜಿಯ ಕಾಲದ ಮಡಕೆಯಲ್ಲಿ ನಿನ್ನೆ ಬೇಯಿಸಿದ ಹುರುಳಿಯೂ ಅಜ್ಜಿಯ ಕಾಲದ್ದೇ ಇರಬೇಕು.

ಇಷ್ಟನ್ನೂ ಹೇಳಲು ಮಾದು ಎಂಬ ಅಳಿಯನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಕೇಳಿಸಿಕೊಂಡರು. ಮೂಳೆ ಹೊಸದಿರಬಹುದು, ಆದ್ದರಿಂದ ಸಂಶೋಧನೆಗೆ ಬೇಡ ಎಂದರು. ಹಾಗಾದರೆ ಕೊಡಿ ಎಂದೆ. ದಾಖಲೆಯಲ್ಲಿ ಪ್ರಾಚೀನ ಎಂದಿದೆ, ಪ್ರಾಚೀನವೆಲ್ಲ ಸರ್ಕಾರದ್ದು, ಕೊಡುವ ಹಾಗಿಲ್ಲ ಎಂದರು. ‘ಸಾ, ಒಂದೇ ಕೂಸು ಎಂಗ್ ಸಾ ಎಲ್ಡೂ ಆದಾತು?’ ಎಂದು ಮಾದು ಕೇಳಿದ. ಊಟದ ಹೊತ್ತಾಯಿತು ಎಂದು ಅವರು ಎದ್ದರು. ನಿಮಗೆ ಬೇಡವಾಗುವಷ್ಟು ಹೊಸದು, ನನಗೆ ಕೊಡಲಾಗದಷ್ಟು ಹಳೆಯದು. ಇಂಥ ಮಗುವನ್ನು ಹೆತ್ತವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು, ಅದಕ್ಕಾದರೂ ಒಂದು ಶಾಲು ಹೊದಿಸಿ.

ನಾನು ಅತ್ತಿಲ್ಲ. ಆಗ ಅಳುವುದಕ್ಕೆ ಬಿಡಲಿಲ್ಲ, ಈಗ ಬರುವುದಿಲ್ಲ. ಬಸ್ಸಿನಲ್ಲಿ ಕೂತಾಗ ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಮಾತ್ರ ಈಚೆಗೆ ಲೆಕ್ಕ ತಪ್ಪುತ್ತದೆ.

ನನಗೆ ಬೇಕಾದದ್ದು ಇಷ್ಟು. ಅವಳು ಹಳಬಳೋ ಹೊಸಬಳೋ ಒಂದನ್ನು ಗಟ್ಟಿ ಮಾಡಿ. ನನ್ನವಳು ಎಂದಾದರೆ ಕಳಿಸಿ. ಮಡಕೆ ನೀವೇ ಇಟ್ಟುಕೊಳ್ಳಿ, ಅದು ನಮ್ಮದಲ್ಲ. ನಂಬಿಕೆ ಬಾರದಿದ್ದರೆ ನನ್ನ ರಕ್ತ ಬೇಕಾದಷ್ಟು ತೆಗೆದುಕೊಳ್ಳಿ. ಆದರೆ ಆ ಮೂಳೆಯನ್ನು ಇನ್ನೊಮ್ಮೆ ಕೊರೆಯಬೇಡಿ. ತೊಡೆಯದು ಒಂದು, ತೋಳಿನದು ಒಂದು ಆಗಲೇ ಪುಡಿ ಮಾಡಿದ್ದೀರಂತೆ. ಅವಳು ಬಹಳ ಸಣ್ಣವಳಿದ್ದಳು.

ಇಂತಿ,
ನಿಮ್ಮ ಮಾದರಿಯನ್ನು ಹೆತ್ತು ಹಾಳುಮಾಡಿದ
ಕೆಂಪಾಜಮ್ಮ
ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು