ಅಕ್ಕ ಆರಿಸಿದ ಹೋರಿ

ಪ್ರೀತಿಯ ಅಕ್ಕನಿಗೆ,

ನಮ್ಮ ಕಡಸಿಗೆ ಎರಡನೆಯ ಬಹುಮಾನ ಬಂತೆಂದು ಫೋನಿನಲ್ಲಿ ಹೇಳಿದರೆ, ನೀನು "ಸರಿ ಬಿಡು, ನೀರು ಕುಡೀತಾ?" ಎಂದು ಇಟ್ಟುಬಿಟ್ಟೆ. ಉಳಿದದ್ದು ಹೇಳದೆಯೇ ಉಳಿಯಿತು. ಜಾನುವಾರು ಪ್ರದರ್ಶನ ಮುಗಿಯಲು ಇನ್ನೂ ಎರಡು ದಿನವಿದೆ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ, ಹುಲ್ಲಿನ ಪಿಂಡಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಹಸುಗಳಿಗೆ ಹೋರಿ ನೋಡಲು ಹೋದದ್ದು ನೆನಪಿದೆಯಾ? ಮೂರು ವರ್ಷ ಬಿಡದೆ ಪದಕ ಗೆದ್ದ ಕರಿಯ ಹೋರಿಯ ಎದುರು ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ಏನು ಕತ್ತು, ಏನು ಎದೆ! ಹಾಲು ಮಾರಲೆಂದು ಕಟ್ಟಿದ ನಮ್ಮ ಸಾಧಾರಣ ಹಸುಗಳಿಗೆ ಇದರ ಕರು ಹುಟ್ಟಿದರೆ ಪ್ರದರ್ಶನದಲ್ಲಿ ಎಲ್ಲರ ಕಣ್ಣೂ ನಮ್ಮ ಮೇಲೇ ಎಂದುಕೊಂಡಿದ್ದೆ. ನೀನು ಮಾತ್ರ, ಅದರ ಕರು ಹಾಕುವಾಗ ಎಷ್ಟು ಹಸುಗಳಿಗೆ ಡಾಕ್ಟರು ಬರಬೇಕಾಯಿತು ಎಂದು ಕೇಳಿದೆ. ಮಾಲೀಕ ಮಾತು ತೇಲಿಸಿದ.

"ಹೋರಿ ಚೆಂದ ಇದ್ರೆ ಹೋರಿಗೆ ಬಹುಮಾನ ಬರುತ್ತೆ ಕಣೇ. ನಮ್ಮ ಹಸುಗಳಿಗೆ ಏನು ಕಮ್ಮಿ ಅಂತ ಮೊದ್ಲು ನೋಡು. ಸೊಂಟ ಕಿರಿದು, ಹಿಂಗಾಲು ಸೆಟೆದು ನಡೀತಾವೆ. ಅದನ್ನ ತಿದ್ದೋ ಹೋರಿ ಬೇಕು," ಎಂದೆ ನೀನು.

ಆಮೇಲೆ ನನ್ನನ್ನು ಏಳು ಕೊಟ್ಟಿಗೆ ಸುತ್ತಿಸಿದೆ. ಪ್ರತಿ ಹೋರಿಯನ್ನೂ ನಡೆಸಿ ನೋಡಿದೆ. ಅದರ ತಾಯಿಯ ಕೆಚ್ಚಲು, ಹೆಣ್ಣುಕರುಗಳ ಕಾಲು, ಒಂದನ್ನೂ ಬಿಡಲಿಲ್ಲ. ಕೊನೆಗೆ ಆರಿಸಿದ್ದು ಮಂಕು ಮೋರೆಯ ಒಂದು ಕಂದು ಹೋರಿ. "ಇದರ ಕರು ಹಿಡ್ಕೊಂಡು ಹೋದ್ರೆ ಜನ ನಗ್ತಾರೆ," ಎಂದೆ ನಾನು. "ನಗ್ಲಿ ಬಿಡು, ಹಲ್ಲಾದ್ರೂ ಕಾಣ್ಲಿ," ಎಂದೆ ನೀನು. ಎರಡು ದಿನ ನಿನ್ನೊಡನೆ ಮಾತು ಬಿಟ್ಟಿದ್ದೆ.

ಒಂಬತ್ತು ಹಸುಗಳೂ ಹಗ್ಗ ಕಟ್ಟಿ ಎಳೆಯುವ ಕಷ್ಟವಿಲ್ಲದೆ ಕರು ಹಾಕಿದವು. ಅವುಗಳಲ್ಲಿ ನಮ್ಮ ಗಿಡ್ಡಿಗೆ ಅದು ಚೊಚ್ಚಲು. ನೀನು ಅದರ ಪಕ್ಕೆ ಸವರುತ್ತ ಕೂತಿದ್ದೆ. ಕರು ಜಾರಿ ಬಿದ್ದು, ಅರ್ಧ ಗಂಟೆಯಲ್ಲಿ ತಾನೇ ಎದ್ದು ನಿಂತಿತು. ಆ ಕರಿಯ ಹೋರಿಯ ದಪ್ಪ ಕರುವಾಗಿದ್ದರೆ ಕಿರುಸೊಂಟದ ಗಿಡ್ಡಿ ಉಳಿಯುತ್ತಿರಲಿಲ್ಲ ಎಂದು ಆಗಲೇ ಹೊಳೆದಿತ್ತು. ಹೇಳಲು ಬಿಗುಮಾನ ಬಿಡಲಿಲ್ಲ.

ಇವತ್ತು, ಕಡಸಾಗಿ ಬೆಳೆದ ಆ ಕರುವನ್ನೇ ಪ್ರದರ್ಶನದ ಅಂಕಣದಲ್ಲಿ ಮೂರು ಸುತ್ತು ನಡೆಸಿದರು. ತೀರ್ಪುಗಾರರು ವಯಸ್ಸಾದ ಪಶುವೈದ್ಯರು. ಕುಕ್ಕುರುಗಾಲಲ್ಲಿ ಕೂತು ಅದರ ಹಿಂಗಾಲನ್ನೇ ನೋಡಿದರು. "ಸಾಧಾರಣ ಹಸುವಿಗೆ ಇಂಥ ಕರುವೇ! ಹೋರಿ ಆರಿಸಿದ್ದು ಯಾರಮ್ಮ?"

"ನಾನೇ," ಎಂದುಬಿಟ್ಟೆ ಅಕ್ಕ. ಜನ ಚಪ್ಪಾಳೆ ತಟ್ಟಿದರು. ಅಲ್ಲಿ ಕರು ಹಾಕಲಿರುವ ಹಸುವನ್ನು ಬಿಟ್ಟು ಬರಲಾಗದೆ ನೀನು ಕೊಟ್ಟಿಗೆಯಲ್ಲಿದ್ದೆ. ಇಲ್ಲಿ ನಾನು ನಿನ್ನ ಚಪ್ಪಾಳೆ ಕದಿಯುತ್ತಿದ್ದೆ.

ಕಡಸನ್ನು ಕಟ್ಟಿ ತೀರ್ಪುಗಾರರ ಬಳಿ ವಾಪಸು ಹೋದೆ. ಎಲ್ಲರ ಎದುರೇ ಹೇಳಿದೆ: "ಸುಳ್ಳು ಹೇಳ್ದೆ ಸಾರ್. ಆರಿಸಿದ್ದು ನಮ್ಮಕ್ಕ. ನಾನು ಬೇಡ ಅಂತ ಜಗಳ ಆಡಿದ್ದೆ." ಅವರು ಕನ್ನಡಕ ತೆಗೆದು ನಕ್ಕರು. "ಮುಂದಿನ ವರ್ಷ ನನ್ನ ಜೊತೆ ತೀರ್ಪು ಹೇಳೋಕೆ ಬರ್ತಾರಾ ಕೇಳಮ್ಮ," ಎಂದರು.

"ಕೇಳೋದೇನು, ಬರ್ತಾರೆ," ಎಂದಿದ್ದೇನೆ. ಒಂದೇ ದಿನ ಎರಡು ಸುಳ್ಳು ಹೇಳಿದವಳಾಗದಂತೆ ನೀನೇ ಕಾಪಾಡಬೇಕು.

ನಿನ್ನ ಕಣ್ಣು ಹೀಗೇ ಚುರುಕಾಗಿರಲಿ, ಕೈಗೆ ದಣಿವು ಬಾರದಿರಲಿ.

ಎರಡು ವರ್ಷ ತಡವಾಗಿ ಸೋಲೊಪ್ಪಿಕೊಂಡ,
ನಿನ್ನ ತಂಗಿ